ಎರಡು ಸೀಮೆಹಸು, ಒಂದಷ್ಟು ನಾಟಿಕೋಳಿ: ಸಣ್ಣ ಹಿಡುವಳಿಯ ಮನೆಯಲ್ಲಿ ದನ ನೋಡಿಕೊಳ್ಳುವ ಬಗೆ

ಒಂದೂವರೆ ಎರಡು ಎಕರೆ ಜಮೀನು, ಮನೆಗೆ ಅಂಟಿಕೊಂಡ ಕೊಟ್ಟಿಗೆ, ಊರಲ್ಲೊಂದು ಹಾಲಿನ ಡೈರಿ. ಮಂಡ್ಯ, ಹಾಸನ, ತುಮಕೂರು ಕಡೆ ಎಷ್ಟೋ ಮನೆಗಳು ಇಷ್ಟರಲ್ಲೇ ನಡೆಯುತ್ತವೆ. ರಾಗಿ ವರ್ಷಕ್ಕೊಂದು ಸಲ ಮನೆಗೆ ಬರುತ್ತದೆ. ಮಳೆ ಕೈಕೊಟ್ಟರೆ ಅದೂ ಇಲ್ಲ. ಅಂಗಡಿ ಸಾಲ, ಮಕ್ಕಳ ಫೀಸು, ಗೊಬ್ಬರದ ದುಡ್ಡು ಎಲ್ಲವೂ ಹಾಲಿನ ಬಟವಾಡೆಯಿಂದಲೇ ಹೊರಡಬೇಕು.

ಹೊಸದಾಗಿ ಹಸು ಕಟ್ಟುವವರು ಮೊದಲು ಕೇಳುವುದು "ಯಾವ ತಳಿ ತರಲಿ, ಎಷ್ಟು ಲೀಟರ್ ಕೊಡುತ್ತೆ" ಅಂತ. ಅದಕ್ಕಿಂತ ಮೊದಲು ಕೇಳಬೇಕಾದ್ದು, ಮನೆಯಲ್ಲಿ ದಿನಾ ಎರಡು ಹೊತ್ತು ಹಸುವನ್ನು ನಿಂತು ನೋಡುವವರು ಯಾರು ಅನ್ನುವುದು. ಹಸು ಮಲಗೇಳದ ಹಾಗೆ ಆಗುವ ಮೊದಲು ಸಾಮಾನ್ಯವಾಗಿ ಏನಾದರೂ ಸುಳಿವು ಕೊಟ್ಟಿರುತ್ತದೆ. ಗೋದಲಿಯಲ್ಲಿ ಹುಲ್ಲು ಮಿಕ್ಕಿರುತ್ತದೆ, ಹಾಲು ಅರ್ಧ ಲೀಟರ್ ಇಳಿದಿರುತ್ತದೆ, ಸಗಣಿ ಗಟ್ಟಿಯಾಗಿರುತ್ತದೆ. ಅದನ್ನು ಕಂಡವರಿಗೆ ಖರ್ಚು ಕಡಿಮೆ.

ಕಟ್ಟುವ ಮೊದಲು ಮೇವಿನ ಲೆಕ್ಕ

ಒಂದು ಮಿಶ್ರತಳಿ ಹಸುವಿಗೆ ದಿನಕ್ಕೆ 20ರಿಂದ 25 ಕೆ.ಜಿ. ಹಸಿಮೇವು, 5ರಿಂದ 6 ಕೆ.ಜಿ. ಒಣಹುಲ್ಲು ಬೇಕು. ಎರಡು ಹಸುವಿಗೆ ನೀರಾವರಿ ಇರುವ ಹತ್ತು ಗುಂಟೆಯಲ್ಲಿ ಸೀಮೆಹುಲ್ಲು ಹಾಕಿದರೆ ಹಸಿಮೇವು ಸರಿಹೋಗುತ್ತದೆ. ನೇಪಿಯರ್ ಜಾತಿಯ ಹುಲ್ಲನ್ನು ನಾಟಿ ಮಾಡಿ ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ 40–45 ದಿನಕ್ಕೊಂದು ಕೊಯ್ಲು. ಬಲಿಯಲು ಬಿಟ್ಟರೆ ಕಡ್ಡಿಯಾಗುತ್ತದೆ. ಹಸು ಸೋಗೆ ಕಿತ್ತುಕೊಂಡು ಕಡ್ಡಿ ಬಿಡುತ್ತದೆ. ಜಾಗವನ್ನು ಐದಾರು ಪಟ್ಟಿ ಮಾಡಿಕೊಂಡು ಒಂದು ತುದಿಯಿಂದ ಕೊಯ್ಯುತ್ತಾ ಬಂದರೆ ಕೊನೆಯ ಪಟ್ಟಿ ಮುಗಿಯುವಷ್ಟರಲ್ಲಿ ಮೊದಲನೆಯದು ಮತ್ತೆ ಕೈಗೆ ಬಂದಿರುತ್ತದೆ.

ಬದುವಿನ ಮೇಲೆ ಅಗಸೆ ಮರ, ಗ್ಲಿರಿಸಿಡಿಯ (ಗೊಬ್ಬರದ ಗಿಡ) ಹಾಕಿಕೊಳ್ಳಿ. ನಡುವೆ ಒಂದೆರಡು ಸಾಲು ಅಲಸಂದೆ ಇರಲಿ. ಬರೀ ಹುಲ್ಲಿನಲ್ಲಿ ಪ್ರೋಟೀನ್ ಸಾಲದು, ಈ ಸೊಪ್ಪುಗಳಲ್ಲಿ ಅದು ಜಾಸ್ತಿ. ಒಣಮೇವಿಗೆ ನಮ್ಮ ಕಡೆ ರಾಗಿಹುಲ್ಲೇ ಆಧಾರ. ಭತ್ತದ ಹುಲ್ಲಿಗಿಂತ ಇದು ಮೇಲು, ಸುಣ್ಣದ ಅಂಶವೂ ಇದರಲ್ಲಿ ಹೆಚ್ಚು. ಸುಗ್ಗಿಯಲ್ಲೇ ಮೆದೆ ಒಟ್ಟಿಕೊಳ್ಳಿ. ಏಪ್ರಿಲ್‌ನಲ್ಲಿ ಹುಲ್ಲು ಕೊಳ್ಳಲು ಹೊರಟವರಿಗೆ ಬೆಲೆ ಹೇಳುವವರೇ ಬೇರೆ.

ಕೊಟ್ಟಿಗೆಗೆ ದೊಡ್ಡ ಖರ್ಚು ಬೇಡ. ಒಂದು ಹಸು ನಿಲ್ಲಲು ಆರಡಿ ಉದ್ದ, ನಾಲ್ಕಡಿ ಅಗಲ ಸಾಕು. ನೆಲ ಗೋದಲಿಯಿಂದ ಹಿಂದಿನ ಮೋರಿಯ ಕಡೆಗೆ ಸ್ವಲ್ಪ ಇಳಿಜಾರಿರಬೇಕು, ಗಂಜಲ ನಿಲ್ಲಬಾರದು. ನುಣ್ಣಗೆ ಸಿಮೆಂಟ್ ಸಾರಿಸಬೇಡಿ. ಜಾರಿ ಬಿದ್ದು ತೊಡೆ ಸಂದು ತಪ್ಪಿದ ಸೀಮೆಹಸು ಮತ್ತೆ ಎದ್ದು ನಿಲ್ಲುವುದು ಕಷ್ಟ. ಗೀರು ಹಾಕಿದ ನೆಲ, ಅದರ ಮೇಲೆ ರಬ್ಬರ್ ಮ್ಯಾಟ್ ಒಳ್ಳೆಯದು. ತಗಡಿನ ಚಾವಣಿಯಾದರೆ ಬೇಸಿಗೆಯಲ್ಲಿ ಮೇಲೆ ತೆಂಗಿನ ಗರಿ ಹೊದಿಸಿ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ) ಹಸು ಚಳಿ ತಡೆಯುತ್ತದೆ, ಬಿಸಿಲು ತಡೆಯುವುದಿಲ್ಲ.

ಬೆಳಗಿನ ಐದು ನಿಮಿಷ

ಕೊಟ್ಟಿಗೆಗೆ ಕಾಲಿಟ್ಟ ಕೂಡಲೇ ಪೊರಕೆ ಹಿಡಿಯಬೇಡಿ. ಮೊದಲು ಸುಮ್ನೆ ನೋಡಿ. ರಾತ್ರಿ ಹಾಕಿದ ಹುಲ್ಲು ಖಾಲಿಯಾಗಿದೆಯಾ? ಮುಸುಡಿ ಒದ್ದೆಯಾಗಿದೆಯಾ? ಮಲಗಿದ್ದಾಗ ಮೆಲುಕು ಹಾಕುತ್ತಿತ್ತಾ? ಸಗಣಿ ನೀರಾಗಿದೆಯಾ, ಉಂಡೆ ಕಟ್ಟಿದೆಯಾ, ಅದರಲ್ಲಿ ಲೋಳೆ, ರಕ್ತ ಇದೆಯಾ? ಕಿವಿ ಮುಟ್ಟಿ. ತೀರಾ ತಣ್ಣಗಿದ್ದರೂ, ಸುಡುತ್ತಿದ್ದರೂ ಏನೋ ಸರಿಯಿಲ್ಲ.

ಅನುಮಾನ ಬಂದರೆ ಎಡಗಡೆ ಪಕ್ಕೆಲುಬಿನ ಹಿಂದೆ ಇರುವ ಹಳ್ಳಕ್ಕೆ ಮುಷ್ಟಿ ಒತ್ತಿ ಎರಡು ನಿಮಿಷ ನಿಲ್ಲಿ. ಆರೋಗ್ಯವಾಗಿರುವ ಹಸುವಿನ ಹೊಟ್ಟೆ ನಿಮಿಷಕ್ಕೆ ಒಂದೋ ಎರಡೋ ಸಲ ನಿಧಾನವಾಗಿ ಉಬ್ಬಿ ನಿಮ್ಮ ಕೈಯನ್ನು ಹೊರಕ್ಕೆ ತಳ್ಳುತ್ತದೆ. ಏನೂ ಅಲುಗಾಡದಿದ್ದರೆ ಹೊಟ್ಟೆ ನಿಂತಿದೆ ಅಂತ. ಡಾಕ್ಟರಿಗೆ ಫೋನ್ ಮಾಡುವಾಗ "ಯಾಕೋ ಮಂಕಾಗಿದೆ ಸಾರ್" ಅನ್ನುವುದಕ್ಕಿಂತ "ನಿನ್ನೆ ಸಂಜೆಯಿಂದ ಮೆಲುಕು ಹಾಕಿಲ್ಲ, ಹೊಟ್ಟೆ ಆಡ್ತಿಲ್ಲ, ಜ್ವರ 104 ಇದೆ" ಅಂದರೆ ಅವರೂ ಬೇಗ ಹೊರಡುತ್ತಾರೆ, ಬೇಕಾದ ಔಷಧಿಯನ್ನೇ ತರುತ್ತಾರೆ. ಅದಕ್ಕೆ ಮನೆಯಲ್ಲೊಂದು ಥರ್ಮಾಮೀಟರ್ ಇರಲಿ. ಗುದದ್ವಾರದಲ್ಲಿ ಇಟ್ಟು ನೋಡಬೇಕು. ಹಸುವಿಗೆ 101–102 ಡಿಗ್ರಿ ಫ್ಯಾರನ್‌ಹೀಟ್ ಸಹಜ. ನಮ್ಮ ಲೆಕ್ಕದಲ್ಲಿ ನೋಡಿ ಜ್ವರ ಅಂದುಕೊಳ್ಳಬೇಡಿ.

ಹಾಲು ಕರೆಯುವಾಗ

ಕರೆಯುವ ಹೊತ್ತು ದಿನಾ ಒಂದೇ ಇರಬೇಕು. ಬೆಳಿಗ್ಗೆ ಐದೂವರೆ ಅಂದರೆ ಐದೂವರೆಯೇ.

ಮೊದಲು ಸಗಣಿ ಬಾಚಿ, ನೆಲ ತೊಳೆದು ಧೂಳು ಅಡಗಲು ಬಿಡಿ. ಗೋದಲಿಗೆ ಬೂಸಾ ಹಾಕಿ. ಕೈ ಸೋಪಿನಲ್ಲಿ ತೊಳೆದುಕೊಳ್ಳಿ, ಉಗುರು ಕತ್ತರಿಸಿರಲಿ. ಕೆಚ್ಚಲಿಗೆ ಬಿಂದಿಗೆಗಟ್ಟಲೆ ನೀರು ಎರಚುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಅದು ಬೇಡ. ಮೇಲಿನ ಕೊಳೆಯೆಲ್ಲ ನೀರಿನ ಜೊತೆ ಇಳಿದು ತೊಟ್ಟಿನ ತುದಿಗೆ ಬಂದು ನಿಲ್ಲುತ್ತದೆ. ತೊಟ್ಟುಗಳನ್ನಷ್ಟೇ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ. ಒಂದು ಹಸುವಿಗೆ ಒಂದು ಬಟ್ಟೆ. ಇದಕ್ಕೊಂದು, ಅದಕ್ಕೊಂದು.

ನಾಲ್ಕೂ ತೊಟ್ಟಿನ ಮೊದಲ ಎರಡು ಮೂರು ಸೆಲೆಯನ್ನು ಪಾತ್ರೆಗೆ ಬಿಡಬೇಡಿ. ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಬೇರೆ ಹಿಂಡಿ ನೋಡಿ. ಮೊಸರಿನ ಚೂರಿನಂಥ ಗಂಟು, ನೀರುನೀರು ಹಾಲು, ಕೆಂಪು ಬಣ್ಣ ಕಂಡರೆ ಅದು ಕೆಚ್ಚಲುಬಾವಿನ ಶುರು. ಈ ಹಾಲನ್ನು ನೆಲಕ್ಕೂ ಹಿಂಡಬೇಡಿ. ಹಸು ಅಲ್ಲೇ ಮಲಗುತ್ತದೆ, ಸೋಂಕು ಮತ್ತೆ ಕೆಚ್ಚಲಿಗೇ ಹೋಗುತ್ತದೆ.

ತೊಟ್ಟು ತೊಳೆಯುವಾಗಲೇ ಹಸು ಹಾಲು ಇಳಿಸಲು ಶುರುಮಾಡುತ್ತದೆ. ಆ ಹದ ಇರುವುದು ಐದರಿಂದ ಏಳು ನಿಮಿಷ ಮಾತ್ರ. ಅಷ್ಟರೊಳಗೆ ಕರೆದು ಮುಗಿಸಬೇಕು. ನಡುವೆ ಫೋನ್ ಬಂತು ಅಂತ ಎದ್ದರೆ ಹಾಲು ಒಳಗೇ ಉಳಿಯುತ್ತದೆ. ಹೆಬ್ಬೆರಳು ಮಡಚಿ ಗೆಣ್ಣಿನಿಂದ ಜಗ್ಗುವವರು ಇನ್ನೂ ಇದ್ದಾರೆ. ತೊಟ್ಟಿನ ಒಳಗಿನ ಮೆತ್ತನೆ ಪೊರೆ ಅದರಿಂದ ಗಾಯವಾಗುತ್ತದೆ. ಇಡೀ ಅಂಗೈಯಲ್ಲಿ ತೊಟ್ಟನ್ನು ಹಿಡಿದು, ಮೇಲಿನ ಬೆರಳಿನಿಂದ ಕೆಳಗಿನ ಬೆರಳಿಗೆ ಒಂದೊಂದಾಗಿ ಬಿಗಿ ಮಾಡುತ್ತಾ ಬರಬೇಕು. ಎಳೆಯುವ ಕೆಲಸವೇ ಇಲ್ಲ.

ಕರೆದಾದ ಮೇಲೆ ಪೊವಿಡೋನ್ ಅಯೋಡಿನ್ ದ್ರಾವಣ ಹಾಕಿದ ಪುಟ್ಟ ಲೋಟದಲ್ಲಿ ನಾಲ್ಕೂ ತೊಟ್ಟು ಅದ್ದಿ. ತಕ್ಷಣ ಒಂದು ಹೊರೆ ಹುಲ್ಲು ಹಾಕಿ ಹಸುವನ್ನು ಅರ್ಧ ಗಂಟೆ ನಿಲ್ಲಿಸಿಕೊಳ್ಳಿ. ಕರೆದ ಮೇಲೆ ತೊಟ್ಟಿನ ತುದಿಯ ರಂಧ್ರ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಆಗ ಸಗಣಿಯ ಮೇಲೆ ಮಲಗಿದರೆ ರೋಗಾಣು ಸೀದಾ ಒಳಕ್ಕೆ. ಈ ಅರ್ಧ ಗಂಟೆ ಪಾಲಿಸಿದರೆ ಕೆಚ್ಚಲುಬಾವಿನ ಕಾಟ ಎಷ್ಟೋ ಕಡಿಮೆಯಾಗುತ್ತದೆ. ಬಾವು ಇರುವ ಹಸು ಇದ್ದರೆ ಅದನ್ನು ಕೊನೆಗೆ ಕರೆಯಿರಿ. ಆ್ಯಂಟಿಬಯೋಟಿಕ್ ಕೊಟ್ಟಿದ್ದರೆ ಡಾಕ್ಟರು ಹೇಳಿದಷ್ಟು ದಿನ ಆ ಹಾಲನ್ನು ಡೈರಿಗೂ ಹಾಕಬೇಡಿ, ಮನೆಯವರೂ ಕುಡಿಯಬೇಡಿ.

ಡೈರಿಯ ಚೀಟಿ ಓದುವುದು

ಡೈರಿಯಲ್ಲಿ ಹಸುವಿನ ಹಾಲಿಗೆ ಫ್ಯಾಟ್ (ಕೊಬ್ಬು) ಶೇ. 3.5, ಎಸ್‌ಎನ್‌ಎಫ್ (ಕೊಬ್ಬು, ನೀರು ಬಿಟ್ಟು ಉಳಿಯುವ ಘನ ಅಂಶ) ಶೇ. 8.5 ಅನ್ನುವುದು ಲೆಕ್ಕ. ಅದಕ್ಕಿಂತ ಕಡಿಮೆ ಬಂದಾಗ ಸೆಕ್ರೆಟರಿ ಜೊತೆ ಜಗಳ ಆಡುವ ಮುಂಚೆ ಗೋದಲಿ ನೋಡಿ. ಫ್ಯಾಟ್ ಇಳಿದಿದ್ದರೆ ಒಣಹುಲ್ಲು ಸಾಲುತ್ತಿಲ್ಲ, ಎಳೆ ಹಸಿಮೇವೋ ಹಿಂಡಿಯೋ ಜಾಸ್ತಿಯಾಗಿದೆ ಅಂತ. ಎಸ್‌ಎನ್‌ಎಫ್ ಇಳಿದಿದ್ದರೆ ಹಸುವಿಗೆ ಹೊಟ್ಟೆತುಂಬ ಸಿಗುತ್ತಿಲ್ಲ, ಇಲ್ಲವೇ ಕಣ್ಣಿಗೆ ಕಾಣದ ಕೆಚ್ಚಲುಬಾವು ಇದೆ. ಕೊನೆಯಲ್ಲಿ ಕರೆಯುವ ಹಾಲಿನಲ್ಲೇ ಫ್ಯಾಟ್ ಹೆಚ್ಚು. ಪೂರ್ತಿ ಕರೆಯದೆ ಏಳುವವರಿಗೆ ಚೀಟಿಯಲ್ಲಿ ಗೊತ್ತಾಗುತ್ತದೆ. ಸಂಜೆಯ ಹಾಲಿನಲ್ಲಿ ಫ್ಯಾಟ್ ಸ್ವಲ್ಪ ಹೆಚ್ಚು ಬರುವುದು ಸಹಜ, ಎರಡು ಕರಾವಿನ ನಡುವೆ ಹಗಲಿನ ಅಂತರ ಕಡಿಮೆ ಇರುತ್ತದಲ್ಲ.

ಏನು ಹಾಕಬೇಕು, ಏನು ಹಾಕಬಾರದು

ಹಸು ತನ್ನ ಮೈ ಉಳಿಸಿಕೊಳ್ಳಲು ದಿನಕ್ಕೆ ಒಂದೂವರೆ ಕೆ.ಜಿ. ಪಶು ಆಹಾರ. ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆ.ಜಿ. ಹತ್ತು ಲೀಟರ್ ಕೊಡುವ ಹಸುವಿಗೆ ಐದೂವರೆ ಕೆ.ಜಿ. ಆಯಿತು. ಅದನ್ನು ಎರಡು ಹೊತ್ತಿಗೆ ಹಂಚಿ. ಗಬ್ಬದ ಹಸುವಿಗೆ ಏಳನೇ ತಿಂಗಳಿಂದ ಒಂದು ಒಂದೂವರೆ ಕೆ.ಜಿ. ಹೆಚ್ಚಿಗೆ. ಎರಡೂ ಹಸುವಿಗೆ ಒಂದೇ ಬಟ್ಟಲಿನಲ್ಲಿ ಅಳೆದು ಹಾಕುವುದು ನಮ್ಮಲ್ಲಿ ಸಾಮಾನ್ಯ. ಹನ್ನೆರಡು ಲೀಟರಿನದು ಸೊರಗುತ್ತದೆ, ಐದು ಲೀಟರಿನದು ಕೊಬ್ಬುತ್ತದೆ.

ಗುಳಿಗೆಯ ಫೀಡನ್ನು ನೆನೆಸಿ ಗಂಜಿ ಮಾಡಬೇಡಿ. ಒಣದಾಗಿಯೇ ಹಾಕಿ, ನೀರು ಬೇರೆ ಇಡಿ. ಖನಿಜ ಮಿಶ್ರಣ ದಿನಕ್ಕೆ 50 ಗ್ರಾಂ, ಉಪ್ಪು 30 ಗ್ರಾಂ. ಖನಿಜ ಮಿಶ್ರಣವನ್ನು ದುಡ್ಡು ದಂಡ ಅಂತ ಬಿಡುವವರೇ ಆಮೇಲೆ "ಹಸು ಗಬ್ಬ ನಿಲ್ತಿಲ್ಲ" ಅಂತ ಓಡಾಡುವುದು.

ನೀರಿನ ವಿಷಯದಲ್ಲಿ ನಾವು ತುಂಬಾ ಜಿಪುಣರು. ಹಾಲು ಕೊಡುವ ಹಸುವಿಗೆ ದಿನಕ್ಕೆ 60–80 ಲೀಟರ್ ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಹೊತ್ತಿಗೊಂದು ಬಕೆಟ್ ತೋರಿಸಿದರೆ ಸಾಲದು. ಗೋದಲಿಯ ಪಕ್ಕ ಒಂದು ಸಣ್ಣ ತೊಟ್ಟಿ ಕಟ್ಟಿ, ಸದಾ ನೀರು ಇರುವಂತೆ ಮಾಡಿದರೆ ಬೇರೇನೂ ಬದಲಿಸದೆಯೇ ಹಾಲು ಏರಬಹುದು. ತೊಟ್ಟಿಗೆ ವಾರಕ್ಕೊಮ್ಮೆ ಒಳಗೆಲ್ಲ ಉಜ್ಜಿ ಸುಣ್ಣ ಬಳಿಯಿರಿ.

ಬದಲಾವಣೆ ಏನೇ ಇದ್ದರೂ ವಾರ ಹತ್ತು ದಿನದಲ್ಲಿ ನಿಧಾನಕ್ಕೆ ಮಾಡಿ. ಹಸುವಿನ ಹೊಟ್ಟೆಯಲ್ಲಿ ಮೇವು ಕರಗಿಸುವುದು ಸೂಕ್ಷ್ಮಜೀವಿಗಳು. ಹೊಸ ಮೇವಿಗೆ ಅವು ಒಗ್ಗಬೇಕು. ನಮ್ಮ ಕಡೆ ಹೆಚ್ಚು ಹಸು ಹಾಳಾಗುವುದು ಹಬ್ಬ, ಮದುವೆ, ತಿಥಿಯ ಮಾರನೇ ದಿನ. ಉಳಿದ ಅನ್ನ, ಪಾಯಸ, ಮುದ್ದೆ ಎಲ್ಲ ಪ್ರೀತಿಯಿಂದ ಗೋದಲಿಗೆ ಸುರಿಯುತ್ತೇವೆ. ಬಕೆಟ್ ತುಂಬ ಅನ್ನ ತಿಂದ ಹಸುವಿನ ಹೊಟ್ಟೆಯಲ್ಲಿ ಹುಳಿ ಏರಿ, ಮೆಲುಕು ನಿಂತು, ಸಗಣಿ ನೀರಾಗಿ, ಎರಡು ದಿನದಲ್ಲಿ ಪ್ರಾಣಕ್ಕೇ ಬರುತ್ತದೆ. ಸಂಕ್ರಾಂತಿ ದಿನ ಎಡೆ ಕೊಡುವುದಾದರೆ ಒಂದು ಹಿಡಿ ಕೊಡಿ, ಶಾಸ್ತ್ರಕ್ಕೆ ಅಷ್ಟೇ ಸಾಕು.

ಇನ್ನೊಂದು, ಎಳೆ ಜೋಳದ ಪೈರು. ಮಳೆ ಹೋಗಿ ಬಾಡಿದ, ಮೊಣಕಾಲೆತ್ತರದ ಜೋಳದಲ್ಲಿ ಸಯನೈಡ್ ವಿಷ ಇರುತ್ತದೆ. ತಿಂದ ಹಸು ಸ್ವಲ್ಪ ಹೊತ್ತಿನಲ್ಲೇ ಏದುಸಿರು ಬಿಡುತ್ತಾ ಬೀಳಬಹುದು. ಹೂವು ಬಿಟ್ಟ ಮೇಲೆ ಕೊಯ್ದು ಹಾಕಿದರೆ ಭಯವಿಲ್ಲ. ಮೇಯಲು ಬಿಡುವವರು ಹೊಲದ ಅಂಚಿನಲ್ಲಿ ಹಗ್ಗ ಉದ್ದ ಬಿಡಬೇಡಿ.

ಎಳೆ ಹಸಿಸೊಪ್ಪು ಜಾಸ್ತಿ ತಿಂದು ಎಡಹೊಟ್ಟೆ ತಮಟೆಯ ಹಾಗೆ ಉಬ್ಬಿಕೊಂಡರೆ ಡಾಕ್ಟರಿಗೆ ಫೋನ್ ಮಾಡಿ. ಅವರು ಬರುವಷ್ಟರಲ್ಲಿ ಕಾಲು ಲೀಟರ್ ಕಡಲೆಕಾಯಿ ಎಣ್ಣೆ ಕುಡಿಸಿ, ಮುಂಗಾಲು ಎತ್ತರದ ಜಾಗದಲ್ಲಿ ಇರುವಂತೆ ನಿಲ್ಲಿಸಿ, ಮಲಗಲು ಬಿಡಬೇಡಿ. ಕುಡಿಸುವಾಗ ನಾಲಿಗೆ ಹೊರಗೆಳೆಯಬಾರದು, ತಲೆ ಆಕಾಶಕ್ಕೆ ಎತ್ತಬಾರದು. ಕೆಮ್ಮಿದರೆ ತಕ್ಷಣ ತಲೆ ಬಿಡಿ. ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಉಬ್ಬರಕ್ಕಿಂತ ಅದೇ ದೊಡ್ಡ ಕಾಯಿಲೆ.

ಬೆದೆ ಕಂಡುಹಿಡಿಯುವುದು

ಕರು ಹಾಕಿ 60ರಿಂದ 90 ದಿನದೊಳಗೆ ಮತ್ತೆ ಗಬ್ಬ ಕಟ್ಟಿಸಿದರೆ ವರ್ಷಕ್ಕೊಂದು ಕರು, ವರ್ಷದಲ್ಲಿ ಹತ್ತು ತಿಂಗಳು ಹಾಲು. ಬೆದೆ 21 ದಿನಕ್ಕೊಮ್ಮೆ ಬರುತ್ತದೆ, ಇರುವುದು ಒಂದು ದಿನವೂ ಇಲ್ಲ. ನಾಟಿಹಸು ಕೂಗಿ ಊರಿಗೆಲ್ಲ ಹೇಳುತ್ತದೆ. ಸೀಮೆಹಸು ಎಷ್ಟೋ ಸಲ ಸದ್ದೇ ಮಾಡುವುದಿಲ್ಲ. ಅದಕ್ಕೆ ಬೆಳಿಗ್ಗೆ ಮಲಗಿದ್ದಾಗ ಹಿಂದುಗಡೆ ನೋಡಿ. ಮೊಟ್ಟೆಯ ಬಿಳಿಯಂಥ ತಿಳಿ ಲೋಳೆ ದಾರದಂತೆ ಇಳಿದಿರುತ್ತದೆ, ಬಾಲದ ಬುಡಕ್ಕೆ ಅಂಟಿ ಒಣಗಿರುತ್ತದೆ. ಅವತ್ತು ಹಾಲೂ ಕಡಿಮೆ, ಮೇವೂ ಕಡಿಮೆ. ಬೆಳಿಗ್ಗೆ ಕಂಡರೆ ಸಂಜೆ ಗಬ್ಬದ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಹಾಕಿಸಿ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಲೋಳೆ ಕೀವಿನಂತೆ ಮಬ್ಬಾಗಿದ್ದರೆ ಮೊದಲು ಗರ್ಭಕೋಶಕ್ಕೆ ಚಿಕಿತ್ಸೆ.

ಲೋಳೆಯಲ್ಲಿ ಸ್ವಲ್ಪ ರಕ್ತ ಕಂಡರೆ ಬೆದೆ ಆಗಲೇ ಮುಗಿದಿದೆ. ಗಾಬರಿ ಬೇಡ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ, 18ನೇ ದಿನದಿಂದ ಕಣ್ಣಿಡಿ. ಮೂರು ಸಲ ಹಾಕಿಸಿಯೂ ನಿಲ್ಲದಿದ್ದರೆ ನಾಲ್ಕನೆಯದು ಹಾಕಿಸುವ ಬದಲು ಪರೀಕ್ಷೆ ಮಾಡಿಸಿ. ನಿಂತಿದೆ ಅನ್ನಿಸಿದರೂ ಎರಡೂವರೆ ಮೂರು ತಿಂಗಳಿಗೆ ಗಬ್ಬ ನೋಡಿಸಬೇಕು. "ನಿಂತಿರಬಹುದು" ಅಂತ ಏಳು ತಿಂಗಳು ಕಾದು ಕೊನೆಗೆ ಖಾಲಿ ಅಂತ ಗೊತ್ತಾದ ಮನೆಗಳು ಊರಿಗೆರಡು ಇರುತ್ತವೆ.

ಕರು ಹಾಕುವ ಹಿಂದೆ ಮುಂದೆ

ಗಬ್ಬ ಸುಮಾರು 280 ದಿನ. ಕೊನೆಯ 60 ದಿನ ಹಾಲು ಬತ್ತಿಸಲೇಬೇಕು. ಐದಾರು ಲೀಟರ್ ಇನ್ನೂ ಬರುತ್ತಿರುವಾಗ ನಿಲ್ಲಿಸಲು ಮನಸ್ಸು ಬರುವುದಿಲ್ಲ, ನಿಜ. ಆದರೆ ಕೆಚ್ಚಲಿಗೆ ಬಿಡುವು ಸಿಗದಿದ್ದರೆ ಮುಂದಿನ ಸೂಲಿನಲ್ಲಿ ಅದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತೀರಿ. ಬೂಸಾ ಕಡಿಮೆ ಮಾಡಿ ಬತ್ತಿಸಿ. ಕೊನೆಯ ಸಲ ಪೂರ್ತಿ ಕರೆದ ಮೇಲೆ ನಾಲ್ಕೂ ತೊಟ್ಟಿಗೆ ಡಾಕ್ಟರಿಂದ ಔಷಧಿ ಹಾಕಿಸಿ.

ಕರು ಹುಟ್ಟಿದ ಕೂಡಲೇ ಮೂಗು ಬಾಯಿಯ ಲೋಳೆ ತೆಗೆದು, ಹೊಕ್ಕುಳಬಳ್ಳಿಯನ್ನು ಎರಡು ಅಂಗುಲ ಬಿಟ್ಟು ದಾರ ಕಟ್ಟಿ, ಹೊಸ ಬ್ಲೇಡಿನಲ್ಲಿ ಕತ್ತರಿಸಿ ಟಿಂಕ್ಚರ್ ಅಯೋಡಿನ್‌ನಲ್ಲಿ ಅದ್ದಿ. ಗಿಣ್ಣುಹಾಲನ್ನು ಒಂದು ಗಂಟೆಯೊಳಗೆ ಕುಡಿಸಿ. "ಕಸ (ಮಾಸು) ಬೀಳಲಿ, ಆಮೇಲೆ ಕುಡಿಸೋಣ" ಅನ್ನುವ ಹಳೇ ಮಾತನ್ನು ಬಿಡಿ. ಕರು ಹುಟ್ಟುವಾಗ ಅದರ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಇರುವುದಿಲ್ಲ, ಅದು ಬರುವುದು ಗಿಣ್ಣಿನಿಂದ. ಹೊತ್ತು ಕಳೆದ ಹಾಗೆ ಕರುಳು ಅದನ್ನು ಹೀರಿಕೊಳ್ಳುವುದು ನಿಲ್ಲಿಸುತ್ತದೆ. ಕರುವಿನ ತೂಕದ ಹತ್ತನೇ ಒಂದು ಭಾಗ ಒಂದು ದಿನಕ್ಕೆ. 30 ಕೆ.ಜಿ. ಕರುವಿಗೆ ಮೂರು ಲೀಟರ್, ಮೂರು ನಾಲ್ಕು ಸಲಕ್ಕೆ ಹಂಚಿ. ಅದು ಕುಡಿದು ಮಿಕ್ಕಿದ್ದರಲ್ಲಿ ಗಿಣ್ಣು ಮಾಡಿಕೊಂಡು ಅಕ್ಕಪಕ್ಕದವರಿಗೂ ಕೊಡಿ. ಮೊದಲ ಜಂತಿನ ಔಷಧಿ 10–15 ದಿನಕ್ಕೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಂದು ಸಲ.

ತಾಯಿಯ ಮೇಲೂ ಕಣ್ಣಿರಲಿ. ಕಸ 12 ಗಂಟೆಯಾದರೂ ಬೀಳದಿದ್ದರೆ ಡಾಕ್ಟರನ್ನು ಕರೆಸಿ. ಅದಕ್ಕೆ ಕಲ್ಲು ಕಟ್ಟುವುದು, ಎಳೆಯುವುದು ಬೇಡ. ಹಾಲು ಜಾಸ್ತಿ ಕೊಡುವ ಹಸು ಕರು ಹಾಕಿದ ಎರಡು ಮೂರು ದಿನದೊಳಗೆ ನಡುಗುತ್ತಾ, ತೂರಾಡುತ್ತಾ ಕುಸಿದು, ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿ ಮಲಗಿದರೆ, ಕಿವಿ ಕೊಂಬು ತಣ್ಣಗಿದ್ದರೆ, ಅದು ಹಾಲುಜ್ವರ. ಹೆಸರಿಗೆ ಜ್ವರ, ಮೈ ಬಿಸಿ ಇರುವುದಿಲ್ಲ. ರಕ್ತದ ಕ್ಯಾಲ್ಸಿಯಂ ಎಲ್ಲ ಹಾಲಿಗೆ ಇಳಿದಿರುತ್ತದೆ. ನರಕ್ಕೆ ಕ್ಯಾಲ್ಸಿಯಂ ಏರಿಸಿದರೆ ಎಷ್ಟೋ ಹಸುಗಳು ಡಾಕ್ಟರು ಹೊರಡುವ ಮುಂಚೆಯೇ ಎದ್ದು ನಿಲ್ಲುತ್ತವೆ. ತಡಮಾಡಿದರೆ ಸಾಯುತ್ತವೆ. ಆ ಹೊತ್ತಿನಲ್ಲಿ ಬಾಯಿಗೆ ಏನೂ ಸುರಿಯಬೇಡಿ, ಅದಕ್ಕೆ ನುಂಗಲು ಬರುವುದಿಲ್ಲ. ಹುಲ್ಲಿನ ಮೂಟೆ ಒತ್ತು ಕೊಟ್ಟು ಎದೆಯ ಮೇಲೆ ಕೂರುವಂತೆ ಇಡಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962. ನಂಬರನ್ನು ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿಡಿ.

ಲಸಿಕೆ, ಉಣ್ಣೆ

ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆ ಇಲಾಖೆಯವರು ಮನೆಬಾಗಿಲಿಗೇ ಬಂದು ಪುಕ್ಕಟೆ ಲಸಿಕೆ ಹಾಕುತ್ತಾರೆ. ಕಿವಿಯ ಓಲೆಯ (ಟ್ಯಾಗ್) 12 ಅಂಕಿಯ ನಂಬರು ಬರೆದಿಟ್ಟುಕೊಳ್ಳಿ, ವಿಮೆಗೂ ಅದು ಬೇಕು. ಲಸಿಕೆ ಹಾಕಿದರೆ ಎರಡು ದಿನ ಹಾಲು ಇಳಿಯುತ್ತದೆ ಅಂತ ಹಸುವನ್ನು ಹೊಲಕ್ಕೆ ಹೊಡೆದುಕೊಂಡು ಹೋಗುವವರನ್ನು ಕಂಡರೆ ಸಿಟ್ಟು ಬರುತ್ತದೆ. ಕಾಲುಬಾಯಿ ಜ್ವರವೇ ಬಂದರೆ ಆ ಸೂಲಿನ ಹಾಲೇ ಹೋಯಿತು, ಅಲ್ವಾ? ಗಂಟಲು ಊದುವ ಗಳಲೆರೋಗ, ತೊಡೆ ಊದುವ ಚಪ್ಪೆರೋಗಕ್ಕೆ ಮುಂಗಾರಿನ ಮೊದಲೇ ಹಾಕಿಸಿ. ಚರ್ಮಗಂಟು ರೋಗ 2022ರಲ್ಲಿ ಎಷ್ಟು ಕೊಟ್ಟಿಗೆ ಬರಿದು ಮಾಡಿತು ಅನ್ನುವುದು ನೆನಪಿರುವವರಿಗೆ ಅದರ ಲಸಿಕೆ ಬಗ್ಗೆ ಹೇಳಬೇಕಾಗಿಲ್ಲ.

ಹೆಣ್ಣುಗರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಗಬ್ಬ ಕಂದಿಸುವ ಕಂದುರೋಗದ (ಬ್ರುಸೆಲ್ಲೋಸಿಸ್) ಲಸಿಕೆ, ಜೀವಮಾನಕ್ಕೆ ಒಂದೇ ಸಲ. ಇದು ಮನುಷ್ಯರಿಗೂ ಅಂಟುವ ರೋಗ. ಗಬ್ಬ ಕಂದಿದ ಹಸುವಿನ ಕಸವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಗ್ಲೌಸ್ ಹಾಕಿ ತೆಗೆದು ಸುಣ್ಣ ಹಾಕಿ ಆಳಕ್ಕೆ ಹೂಳಿ.

ಉಣ್ಣೆ ಮೈಮೇಲೆ ಕಾಣುವುದು ಸ್ವಲ್ಪ. ಉಳಿದವು ಗೋಡೆಯ ಬಿರುಕಿನಲ್ಲಿರುತ್ತವೆ, ಅಲ್ಲೇ ಮೊಟ್ಟೆ ಇಡುತ್ತವೆ. ಹಸುವಿಗೆ ಮಾತ್ರ ಔಷಧಿ ಹಚ್ಚಿದರೆ ಹದಿನೈದು ದಿನಕ್ಕೆ ಮತ್ತೆ ಹಾಜರ್. ಬಿರುಕು ಮುಚ್ಚಿ, ಗೋಡೆಗೂ ಔಷಧಿ ಹೊಡೆಯಿರಿ.

ಕೋಳಿ, ತಿಪ್ಪೆ

ಕೋಳಿಗೆ ಹೆಚ್ಚು ಆರೈಕೆ ಬೇಡ, ಆದರೆ ಕೊಕ್ಕರೆ ರೋಗ (ರಾಣಿಖೇತ್) ಬಂದರೆ ಒಂದೂ ಉಳಿಯುವುದಿಲ್ಲ. ಪಿಳ್ಳೆಗೆ ಮೊದಲ ವಾರ ಕಣ್ಣಿಗೆ ಹನಿ, ಎಂಟು ವಾರಕ್ಕೆ ರೆಕ್ಕೆಯ ಅಡಿಯಲ್ಲಿ ಚುಚ್ಚುಮದ್ದು. ಕಾವಿಗೆ ಹತ್ತು ಹನ್ನೆರಡು ಮೊಟ್ಟೆ ಇಟ್ಟರೆ ಸಾಕು, 21 ದಿನಕ್ಕೆ ಒಡೆಯುತ್ತವೆ. ಮೊಟ್ಟೆಯ ವ್ಯಾಪಾರ ನೋಡುವವರು ಗಿರಿರಾಜ ತರಬಹುದು, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹಿತ್ತಲ ಕೋಳಿಯಾಗಿಯೇ ಬೆಳೆಸಿದ ತಳಿ. ರಾತ್ರಿ ಕೋಳಿಗಳನ್ನು ಮಂಕರಿಯಲ್ಲೋ ಗೂಡಿನಲ್ಲೋ ಮುಚ್ಚಿ. ಗೋದಲಿಯ ಮೇಲೆ ಕೂತು ಹಿಕ್ಕೆ ಹಾಕಿದರೆ ಹಸು ಆ ಹುಲ್ಲು ಮುಟ್ಟುವುದಿಲ್ಲ.

ಸಗಣಿಯನ್ನು ಬಿಸಿಲಿಗೆ ಒಡ್ಡಿದ ತಿಪ್ಪೆಗೆ ಎಸೆದರೆ ಸಾರವೆಲ್ಲ ಹೋಗುತ್ತದೆ. ನೆರಳಲ್ಲಿ ಗುಂಡಿ ಮಾಡಿ, ಹುಲ್ಲಿನ ಕಸದ ಜೊತೆ ಪದರ ಪದರವಾಗಿ ಹಾಕಿ, ಗಂಜಲವನ್ನೂ ಅದಕ್ಕೇ ಹರಿಸಿ. ಗೋಬರ್ ಗ್ಯಾಸ್ ಯೋಚನೆ ಇದ್ದರೆ, ಎರಡು ಘನ ಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ ಬೇಕು. ಎರಡು ಹಸುವಿನ ಮನೆಗೆ ಒಂದು ಘನ ಮೀಟರಿನದು ಸರಿ.

ಮನೆಯವರೆಲ್ಲ ಊರಿಗೆ ಹೋಗಬೇಕಾದಾಗ

ದನ ಕಟ್ಟಿದವರಿಗೆ ಮದುವೆಗೆ ಹೋಗುವುದೂ ಒಂದು ಏರ್ಪಾಡು. ಪಕ್ಕದ ಮನೆಯ ಅಕ್ಕನಿಗೆ "ಎರಡು ದಿನ ನೋಡ್ಕೊಳಕ್ಕಾ" ಅಂತ ಹೇಳಿ ಬಸ್ಸು ಹತ್ತಬೇಡಿ. ಹೊಸ ಕೈಗೆ ಹಸು ಹಾಲು ಇಳಿಸುವುದಿಲ್ಲ, ಕೆಚ್ಚಲಲ್ಲೇ ಕಟ್ಟಿಕೊಂಡರೆ ಬಾವು. ಹೊರಡುವ ಎರಡು ದಿನ ಮುಂಚೆಯೇ ಅವರನ್ನು ಕರೆಸಿ, ನೀವು ಪಕ್ಕದಲ್ಲಿ ನಿಂತು ಅವರಿಂದಲೇ ಕರೆಸಿ. ಎರಡು ಹೊತ್ತಿನ ಫೀಡನ್ನು ಹಸುವಾರು ಅಳೆದು ಬೇರೆ ಬೇರೆ ಡಬ್ಬಿಗೆ ತುಂಬಿಡಿ. ಯಾವ ಹಸು ಒದೆಯುತ್ತದೆ, ಯಾವುದನ್ನು ಯಾವ ಪಕ್ಕ ಕೂತು ಕರೆಯಬೇಕು, ಯಾವುದು ಬೆದೆಗೆ ಬರುವ ದಿನ ಹತ್ತಿರ ಇದೆ ಅನ್ನುವುದನ್ನು ಬಾಯಲ್ಲಿ ಹೇಳಿ, ಕ್ಯಾಲೆಂಡರ್ ಮೇಲೂ ಬರೆಯಿರಿ. ಡೈರಿ ಪಾಸ್‌ಬುಕ್ಕನ್ನು ಅವರ ಕೈಗೇ ಕೊಡಿ. ಕರು ಹಾಕುವ ದಿನ ಹತ್ತಿರವಿರುವ ಹಸು ಕೊಟ್ಟಿಗೆಯಲ್ಲಿದ್ದರೆ ಮನೆಯವರಲ್ಲಿ ಒಬ್ಬರು ಉಳಿಯಬೇಕು, ಎಷ್ಟೇ ಹತ್ತಿರದವರ ಮದುವೆಯಾದರೂ.